ಬಾಗಿಲಲ್ಲಿ ನಿಲ್ಲುವ ಕೆಲಸ

ನನಗೊಂದು ಕೆಟ್ಟ ಚಾಳಿ ಉಂಟು. ಯಾವುದು ಮುಂದೆ ಹೋಗಬೇಕೋ ಅದರ ಬೆನ್ನಿಗೆ ಅಂಗೈಯಿಂದ ಎರಡು ಸಲ ಬಡಿಯುತ್ತೇನೆ. ಗ್ಯಾಸ್ ತಂದ ರಿಕ್ಷಾ ಹೊರಟರೆ ಅದರ ಬದಿಗೆ ಟಪ್ ಟಪ್. ಗಂಡ ಕಾಲೇಜಿಗೆ ಹೊರಟರೆ ಸ್ಕೂಟರಿಗೆ ಟಪ್ ಟಪ್. ಮಂಗಳೂರಿನ ಆಫೀಸಿನ ಲಿಫ್ಟಿನಲ್ಲಿ ಬಾಗಿಲು ಮುಚ್ಚಿದ ಕೂಡಲೇ ಗೋಡೆಗೆ ಎರಡು ಬಡಿದದ್ದಕ್ಕೆ, ಜೊತೆಗಿದ್ದ ಅಪರಿಚಿತರೊಬ್ಬರು ಮರುಮಹಡಿಯಲ್ಲೇ ಇಳಿದುಹೋದದ್ದೂ ಉಂಟು. ಮದುವೆಯಾದ ಹೊಸತರಲ್ಲಿ ಅತ್ತೆ ಕಾಶಿಗೆ ಹೊರಟರು. ಕಾಲುಮುಟ್ಟಿ ನಮಸ್ಕರಿಸಿ ಎದ್ದವಳೇ ಅವರ ಬೆನ್ನಿಗೆ ಎರಡು ಬಡಿದುಬಿಟ್ಟೆ. ಅವರು ಅದನ್ನು ಪ್ರೀತಿ ಎಂದುಕೊಂಡರು, ನಾನೂ ತಿದ್ದಲು ಹೋಗಲಿಲ್ಲ.

ಇದು ಬಸ್ಸಿನ ಮನೆಯಲ್ಲಿ ಹುಟ್ಟಿದ್ದರ ಫಲ. ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೋಗು. ಸಿದ್ಧಕಟ್ಟೆಯ ನಮ್ಮ ಮನೆಯಲ್ಲಿ ಮಕ್ಕಳಿಗೆ ಅ ಆ ಇ ಈ ಬರುವ ಮೊದಲು ಇದು ಬರುತ್ತಿತ್ತು. ಅಪ್ಪನದ್ದು ಒಂದೇ ಒಂದು ಬಸ್ಸು. ಮೂಡುಬಿದಿರೆಯಿಂದ ಹೊರಟು ಸಿದ್ಧಕಟ್ಟೆ, ಬಂಟ್ವಾಳ, ಬಿ.ಸಿ.ರೋಡ್; ಅಲ್ಲಿಂದ ಪುಂಜಾಲಕಟ್ಟೆಯ ದಾರಿಯಾಗಿ ಬೆಳ್ತಂಗಡಿ; ಮತ್ತೆ ವೇಣೂರು ಮೇಲೆ ಮೂಡುಬಿದಿರೆ. ಹೀಗೆ ಮೂರು ಮೂಲೆಯ ದಾರಿಯಲ್ಲಿ ಗಾಣದೆತ್ತಿನ ಹಾಗೆ ದಿನವಿಡೀ ಸುತ್ತುವ ಬಸ್ಸು. ಅಪ್ಪ ಅದಕ್ಕೆ ಇಟ್ಟ ಹೆಸರು ‘ಸಮಾಧಾನ’. ಡ್ರೈವರ್ ಹಮೀದಾಕ ಆ ಬಸ್ಸನ್ನು ಬಿಡುವ ವೇಗಕ್ಕೂ ಆ ಹೆಸರಿಗೂ ಅಜಗಜಾಂತರ. ಒಳಗೆ ಕೂತವರು ಇಳಿದ ಮೇಲೆಯೇ ಸಮಾಧಾನ ಪಡುತ್ತಿದ್ದರು.

ಭಾನುವಾರ ಬಸ್ಸು ಮನೆಯಂಗಳದಲ್ಲಿ ನಿಂತರೆ ನಮಗೆ ಬಸ್ಸಾಟ. ಅಕ್ಕಪಕ್ಕದ ಮಕ್ಕಳೆಲ್ಲ ಪ್ರಯಾಣಿಕರು, ನಾನು ಖಾಯಂ ಕಂಡಕ್ಟರ್. ಹಳೆಯ ಶಾಲೆಚೀಲ ಹೆಗಲಿಗೆ, ಹಲಸಿನ ಎಲೆ ಟಿಕೆಟ್ಟಿಗೆ. ನಿಂತಲ್ಲೇ ನಿಂತಿದ್ದ ಬಸ್ಸಿನಿಂದ ಇಳಿದವರು ಅಂಗಳಕ್ಕೆ ಒಂದು ಸುತ್ತು ಹಾಕಿ ಬಂದು ಬೇರೆ ಊರಿನವರಾಗಿ ಹತ್ತಬೇಕಿತ್ತು. ಆಟ ರಂಗೇರುವ ಹೊತ್ತಿಗೆ ಅಮ್ಮ ಬಂದು ನನ್ನ ಕಿವಿ ಹಿಡಿದು ಇಳಿಸುತ್ತಿದ್ದಳು. “ಆಡುದಾದ್ರೆ ಟೀಚರ್ ಆಟ ಆಡು. ಡಾಕ್ಟರ್ ಆಟ ಆಡು. ಇದೆಂತದು?” ಎನ್ನುತ್ತಿದ್ದಳು. ಟೀಚರ್ ಆಟದಲ್ಲಿ ಎಲ್ಲರೂ ಸುಮ್ಮನೆ ಕೂರಬೇಕು. ಅದರಲ್ಲಿ ಎಂತ ಮಜಾ ಉಂಟು, ನೀವೇ ಹೇಳಿ.

ನಾನು ಕಾಲೇಜಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಹೆಂಗಸು ಬಸ್ಸು ನಡೆಸಿದ ಹಾಗೇ ಎಂದು ಊರವರು ನಗಾಡಿದರು. ಅಮ್ಮ, ಅಂದರೆ ಊರಿಗೆಲ್ಲ ಲೀಲಕ್ಕ, ಜಗಲಿಯಲ್ಲಿ ಒಂದು ಕುರ್ಚಿ ಹಾಕಿ ಕೂತಳು. ಹಾರ್ನ್ ಕೇಳಿಯೇ ಬಸ್ಸು ಎಷ್ಟು ತಡ ಎಂದು ಹೇಳುವುದನ್ನು ಕಲಿತಳು. ತನ್ನ ಬಸ್ಸನ್ನು ತಾನು ಮಾತ್ರ ಯಾವತ್ತೂ ಹತ್ತಲಿಲ್ಲ. ಧಣಿ ಹತ್ತಿದರೆ ಕಂಡಕ್ಟರನ ಕೈ ನಡುಗುತ್ತದೆ ಎಂಬುದು ನಮ್ಮ ಕಡೆಯ ಬಸ್ಸಿನವರ ನಂಬಿಕೆ. ಎಲ್ಲಿಗಾದರೂ ಹೋಗಬೇಕಾದರೆ ಎದುರಾಳಿಯ ಬಸ್ಸಿನಲ್ಲಿ ಹೋಗಿ ಅದರ ದೋಷಗಳನ್ನೆಲ್ಲ ನೋಡಿಕೊಂಡು ಬರುತ್ತಿದ್ದಳು. ನನ್ನ ವಿಷಯದಲ್ಲಿ ಅವಳದ್ದು ಒಂದೇ ಹಠ: “ಈ ಬಸ್ಸಿನ ಧೂಳು ನಿನಗೆ ತಾಗ್ಬಾರ್ದು. ನೀನು ತಂಪು ಕೋಣೆಯಲ್ಲಿ ಕೂತು ದುಡೀಬೇಕು.”

ನಾನು ತಂಪು ಕೋಣೆಯಲ್ಲಿ ಕೂತೆ. ಎಷ್ಟು ತಂಪು ಎಂದರೆ ಮೇ ತಿಂಗಳಲ್ಲೂ ಸ್ವೆಟರ್ ಬೇಕಾಗುತ್ತಿತ್ತು.

ನನ್ನ ಕೆಲಸವನ್ನು ಅಮ್ಮ ಊರಿಗೆಲ್ಲ “ಸಾಫ್ಟ್‌ವೇರು, ದೊಡ್ಡದು” ಎಂದು ಹೇಳುತ್ತಿದ್ದಳು. ಎಷ್ಟು ದೊಡ್ಡದು ಎಂದು ನಿಮಗೆ ಗುಟ್ಟಾಗಿ ಹೇಳುತ್ತೇನೆ. ಯಾವುದೋ ದೂರದೇಶದ ವಿಮಾ ಕಂಪೆನಿಯ ಅರ್ಜಿಯಲ್ಲಿ ‘ಹುಟ್ಟಿದ ದಿನಾಂಕ’ ಎಂಬ ಒಂದು ಚೌಕ ಉಂಟು. ಹನ್ನೊಂದು ವರ್ಷ ನಾನು ಆ ಚೌಕವನ್ನು ಪರೀಕ್ಷೆ ಮಾಡಿದೆ. ಬೇಕೆಂದೇ ತಪ್ಪು ದಿನಾಂಕ ಹಾಕಬೇಕು, ಅದು ‘ತಪ್ಪು’ ಎನ್ನಬೇಕು, ಆಗ ನಾನು ‘ಸರಿ’ ಎಂದು ಬರೆಯಬೇಕು. ಫೆಬ್ರವರಿ ಮೂವತ್ತೆರಡರಂದು ನಾನು ಹುಟ್ಟಿದ್ದೇನೆ. ಹದಿಮೂರನೇ ತಿಂಗಳಲ್ಲಿ ಹುಟ್ಟಿದ್ದೇನೆ. ಬರುವ ವರ್ಷ ಹುಟ್ಟಲಿಕ್ಕಿದ್ದೇನೆ. ಪುನರ್ಜನ್ಮದ ಬಗ್ಗೆ ಸಂಶಯ ಇರುವವರು ನನ್ನನ್ನು ಬಂದು ಕಾಣಬಹುದಿತ್ತು.

ಆಮೇಲೆ ಮನೆಯಿಂದಲೇ ಕೆಲಸ ಎಂದಾಯಿತು. ಮೂಡುಬಿದಿರೆಯ ಮನೆಯ ಹಿಂದಿನ ಕೋಣೆಯಲ್ಲಿ ನಾನು, ಲ್ಯಾಪ್‌ಟಾಪು, ಮತ್ತು ದಿನಕ್ಕೆ ನಾಲ್ಕೈದು ಮೀಟಿಂಗು. ನಮ್ಮ ಮ್ಯಾನೇಜರ್ ನನಗಿಂತ ಚಿಕ್ಕವನು, ಒಳ್ಳೆಯವನು. ನನ್ನ ಗಂಟಲು ಮಾತ್ರ ಅವನಿಗೆ ಕಷ್ಟ. ಬಸ್ಸಿನ ಮನೆಯ ಗಂಟಲು ನೋಡಿ. ನಾನು ‘ಗುಡ್ ಮಾರ್ನಿಂಗ್’ ಎಂದರೆ ಪುಣೆಯಲ್ಲಿ ಕೂತವರು ಇಯರ್‌ಫೋನ್ ಕಿತ್ತು ಎಸೆಯುತ್ತಿದ್ದರಂತೆ. “ಶಶಿಕಲಾ, ನೀವು ಮ್ಯೂಟ್‌ನಲ್ಲೇ ಇದ್ದರೆ ಒಳ್ಳೆಯದು” ಎಂದು ನಯವಾಗಿ ಹೇಳಿದ. ಬಾಯಿ ಬಂದ್ ಮಾಡುವ ಆ ಗುಂಡಿ ಒತ್ತಿ ಕೂತವಳು, ಅದನ್ನು ತೆಗೆಯುವ ಸಂದರ್ಭವೇ ಬರಲಿಲ್ಲ. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ನಗುವ ಸಂಗತಿಯಲ್ಲ ಇದು, ಗೊತ್ತುಂಟು. ಆದರೆ ಒಂದು ದಿನ ತರಕಾರಿ ಅಂಗಡಿಯಲ್ಲಿ ಬದನೆ ಕೇಳಲು ಬಾಯಿ ತೆರೆದರೆ ಸ್ವರವೇ ಬರಲಿಲ್ಲ, ಬರೀ ಗಾಳಿ ಬಂತು. ಆ ದಿನ ಮನೆಗೆ ಬಂದು ಚೀಲ ಕೆಳಗಿಟ್ಟು ಸ್ವಲ್ಪ ಅತ್ತೆ.

ಕೆಲಸ ಬಿಡಬೇಕು ಎಂದು ತೀರ್ಮಾನವಾಯಿತು. ಬಿಟ್ಟು ಎಂತ ಮಾಡುವುದು ಎಂಬಲ್ಲಿ ಗಾಡಿ ಹೂತುಹೋಯಿತು. ಅಣಬೆ ಬೆಳೆಯುವ ತರಬೇತಿಗೆ ಹೋದೆ. ಅಣಬೆಗೆ ಕತ್ತಲೆ ಕೋಣೆ ಬೇಕಂತೆ, ಅದು ನನಗೆ ಈಗಾಗಲೇ ಉಂಟಲ್ಲ. ಕೇಕ್ ಮಾಡಿದೆ, ಗಂಡ ರವಿ ಅದನ್ನು ಬಾಗಿಲಿಗೆ ಅಡ್ಡ ಇಟ್ಟು ನೋಡಿ “ಗಾಳಿಗೆ ಹಂದುವುದಿಲ್ಲ, ಗಟ್ಟಿ ಉಂಟು” ಎಂದು ಪ್ರಮಾಣಪತ್ರ ಕೊಟ್ಟರು. ಕೊನೆಗೆ ಇಂಟರ್‌ನೆಟ್ಟಿನಲ್ಲಿ ‘ನಿಮಗೆ ತಕ್ಕ ಉದ್ಯೋಗ ಯಾವುದು’ ಎಂಬ ಪರೀಕ್ಷೆ ಬರೆದೆ. ಉತ್ತರ ಬಂತು: ‘ಸದಾ ಚಲನೆಯಲ್ಲಿರುವ, ಜನರೊಂದಿಗೆ ಬೆರೆಯುವ ಕೆಲಸ. ಸಲಹೆ: ವಿಮಾನದ ಪರಿಚಾರಿಕೆ.’ ನಲವತ್ತು ದಾಟಿದ, ಮಂಡಿಗೆ ಎಣ್ಣೆ ಹಚ್ಚುವ ಪರಿಚಾರಿಕೆ!

“ನಿನಗೆ ವಿಮಾನ ಆಗ್ಲಿಕ್ಕಿಲ್ಲ” ಎಂದರು ರವಿ. “ಅದಕ್ಕೆ ಫುಟ್‌ಬೋರ್ಡ್ ಇಲ್ಲ.”

ಆ ಹೊತ್ತಿಗೇ ಅಮ್ಮನ ಫೋನು. ಸಮಾಧಾನದ ಕಂಡಕ್ಟರ್ ದುಬೈಗೆ ಹೊರಟುಬಿಟ್ಟಿದ್ದಾನೆ. ಬೇರೆ ಯಾರೂ ಸಿಗುತ್ತಿಲ್ಲ. “ಬರುವ ಶನಿವಾರದ ಒಳಗೆ ಜನ ಸಿಗದಿದ್ರೆ ಬಸ್ಸು ಕೊಟ್ಟುಬಿಡುದು. ಕನ್ಯಾನದವರೊಬ್ಬರು ಕೇಳಿದ್ದಾರೆ. ನನಗೂ ಸಾಕಾಯ್ತು ಮಾರಾಯ್ತಿ” ಎಂದಳು. ಅಮ್ಮನ ಬಾಯಲ್ಲಿ ‘ಸಾಕಾಯ್ತು’ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ಫೋನ್ ಇಟ್ಟವಳೇ ಒಂದು ವಾರ ರಜೆ ಹಾಕಿದೆ, ಹಮೀದಾಕನಿಗೆ ಫೋನ್ ಮಾಡಿದೆ. ಹಮೀದಾಕ ಮೊದಲು ನಕ್ಕರು, ಆಮೇಲೆ ಕೆಮ್ಮಿದರು, ಆಮೇಲೆ ಹೆದರಿದರು.

“ಶಶೀ, ಲೀಲಕ್ಕನಿಗೆ ಗೊತ್ತಾದ್ರೆ ನನ್ನನ್ನು ಟಯರಿನ ಅಡಿಗೆ ಹಾಕ್ತಾರೆ.”

“ಗೊತ್ತಾಗುದು ಬೇಡ. ಹೊಸ ಜನ ಸಿಕ್ಕಿದೆ ಅಂತ ಮಾತ್ರ ಹೇಳಿ. ಯಾರು ಅಂತ ಹೇಳ್ಬೇಡಿ.”

“ಸುಳ್ಳು ಹೇಳಿದ ಹಾಗೆ ಆಗುದಿಲ್ವಾ?”

“ಹೊಸ ಜನ ಹೌದಲ್ಲ?”

ಕಂಡಕ್ಟರಿಗೆ ಬ್ಯಾಡ್ಜು ಬೇಡವೇ ಎಂದು ಕೇಳುವ ಕಾನೂನುಪಂಡಿತರಾದ ಓದುಗರೇ, ಆ ವಿಷಯ ನಾವು ನಾವು ಮಾತಾಡಿಕೊಳ್ಳುವ. ಇಲ್ಲಿ ಬೇಡ.

ಸೋಮವಾರ ಬೆಳಿಗ್ಗೆ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪ್ರಥಮ ಪ್ರವೇಶ. ಸುತ್ತ ಬಸ್ಸುಗಳು, ಪ್ರತಿ ಬಾಗಿಲಲ್ಲೂ ಒಬ್ಬ ಕೂಗುತ್ತಿದ್ದಾನೆ. ನಾನೂ ಬಾಯಿ ತೆರೆದೆ. ಎಷ್ಟೋ ಕಾಲದಿಂದ ಮುಚ್ಚಿಟ್ಟ ಬಾಯಿ. “ಬೆಳ್ತಂಗಡಿ?” ಎಂದು ಹೊರಟದ್ದು ಯಾರನ್ನೋ ವಿಳಾಸ ಕೇಳಿದ ಹಾಗಿತ್ತು. ಒಬ್ಬರು ಪುಣ್ಯಾತ್ಮರು ನಿಂತು, “ಈ ಬಸ್ಸು ಹೋಗ್ತದೆ ನೋಡಿ ಅಕ್ಕ, ಹತ್ತಿ” ಎಂದು ನಮ್ಮ ಬಸ್ಸನ್ನೇ ತೋರಿಸಿದರು.

ಹಮೀದಾಕ ಸ್ಟಿಯರಿಂಗಿಗೆ ಹಣೆ ಒರಗಿಸಿದರು. “ಶಶೀ, ನೀನು ಊರು ಕೇಳುದಾ, ಹೇಳುದಾ?”

ಆಗ ಎಂತ ಆಯಿತೋ, ಹೊಟ್ಟೆಯ ಬುಡದಿಂದ ಒಂದು ಸ್ವರ ಹೊರಟಿತು ನೋಡಿ! “ಪುಂಜಾಲಕಟ್ಟೆ ಬೆಳ್ತಂಗಡಿ ವೇಣೂರು ಬೆದ್ರ ಬೆದ್ರ ಬೆದ್ರಾ!” ಬೆದ್ರ ಎಂದರೆ ತುಳುವಿನಲ್ಲಿ ಮೂಡುಬಿದಿರೆ. ಕಟ್ಟೆಯ ಮೇಲಿನ ಪಾರಿವಾಳಗಳು ಹಾರಿದವು. ಪಕ್ಕದ ಬಸ್ಸಿನಲ್ಲಿ ನಿದ್ದೆ ಹೋಗಿದ್ದ ಒಬ್ಬರು ಎದ್ದು ಬಂದು ನಮ್ಮ ಬಸ್ಸು ಹತ್ತಿ ಕೂತರು. ಅವರಿಗೆ ಹೋಗಲಿಕ್ಕಿದ್ದದ್ದು ಮಾಣಿಗೆ ಎಂದು ಗೊತ್ತಾದದ್ದು ಬಂಟ್ವಾಳ ದಾಟಿದ ಮೇಲೆ. ಮಾಣಿ ಇರುವುದು ಪೂರ್ತಿ ಬೇರೆ ದಿಕ್ಕಿನಲ್ಲಿ.

ಆ ವಾರದ ಸುಖವನ್ನು ಹೇಗೆ ಹೇಳಲಿ? ಬಾಗಿಲಲ್ಲಿ ನಿಂತರೆ ಮುಖಕ್ಕೆ ಗಾಳಿ, ಕಾಲಡಿಯಲ್ಲಿ ರಸ್ತೆ. ಪ್ರತಿ ತಿರುವಿನಲ್ಲೂ ಒಬ್ಬರು “ಇಳಿಲಿಕ್ಕುಂಟು!” ಎಂದು ಕೂಗುತ್ತಾರೆ, ನಾನು ಒಂದು ಬಡಿದರೆ ಈ ಇಡೀ ಗುಡುಗುಡು ಯಂತ್ರ ನಿಲ್ಲುತ್ತದೆ, ಎರಡು ಬಡಿದರೆ ಹೊರಡುತ್ತದೆ. ನನ್ನ ಮಾತು ಕೇಳಿ ಏನೋ ಒಂದು ಹೊರಟದ್ದನ್ನು ನಾನು ಕಾಣದೆ ಎಷ್ಟು ಕಾಲವಾಗಿತ್ತು! ಜನ ಬೈಯುತ್ತಿದ್ದರು, ನಗುತ್ತಿದ್ದರು, ಮಗುವನ್ನು ನನ್ನ ಕೈಗೆ ಕೊಟ್ಟು ಹತ್ತುತ್ತಿದ್ದರು. ಇವರೆಲ್ಲರೂ ಸರಿಯಾದ ದಿನಾಂಕದಲ್ಲಿ ಹುಟ್ಟಿದವರು ಎಂಬುದೇ ನನಗೆ ಸಂಭ್ರಮ. ಸಂಜೆ ಮನೆಗೆ ಬಂದರೆ ಕಾಲು ಕಂಬ, ತಲೆತುಂಬ ಧೂಳು. ರವಿ ಬಿಸಿನೀರು ಕಾಯಿಸಿಟ್ಟು, “ಮುಂದಿನ ಸ್ಟಾಪು ಬಚ್ಚಲು” ಎನ್ನುತ್ತಿದ್ದರು.

ಒಂದೇ ಗಂಡಾಂತರ, ಸಿದ್ಧಕಟ್ಟೆ. ನಮ್ಮ ಮನೆಯ ಜಗಲಿ ರಸ್ತೆಗೆ ನೇರ ಕಾಣುತ್ತದೆ, ಅಲ್ಲಿ ಅಮ್ಮನ ಕುರ್ಚಿ. ಮೊದಲ ದಿನ ಆ ತಿರುವಿಗೆ ಮುಟ್ಟುವಾಗ ನಾನು ಏನೂ ತೋಚದೆ ಸೀಟುಗಳ ನಡುವೆ ಕುಕ್ಕರಗಾಲಲ್ಲಿ ಕೂತೆ. ದಿನಾ ಬಂಟ್ವಾಳಕ್ಕೆ ಹೊಲಿಗೆ ಅಂಗಡಿಗೆ ಹೋಗುವ ವಸಂತಿಯಕ್ಕ ಎಂಬ ದಪ್ಪ ಹೆಂಗಸು ವಿಷಯ ಕೇಳಿದರು, ಹೇಳಿದೆ. ಕಣ್ಣರಳಿಸಿ ತಮ್ಮ ಸೆರಗನ್ನು ನನ್ನ ತಲೆಯ ಮೇಲೆ ಹರಡಿದರು. ಮೂರನೇ ದಿನಕ್ಕೆ ಇಡೀ ಬಸ್ಸಿಗೆ ಗೊತ್ತು. ತಿರುವು ಬರುವ ಮೊದಲೇ “ಶಶಿಯಕ್ಕಾ, ಮನೆ ಬಂತೂ!” ಎಂದು ಹಿಂದಿನ ಸೀಟಿನವರು ಸಾರುತ್ತಿದ್ದರು, ನಿಂತ ಗಂಡಸರು ಎಡಬದಿಯ ಕಿಟಕಿಗಳಿಗೆ ಗೋಡೆಯ ಹಾಗೆ ಒತ್ತಿ ನಿಲ್ಲುತ್ತಿದ್ದರು, ಕಂಡಕ್ಟರ್ ಮಾಯ. ನಮ್ಮ ಕಡೆ ಗುಟ್ಟು ಎಂದರೆ ಹೀಗೆ. ಮೂರು ಪೇಟೆಗೆ ಗೊತ್ತಿರುತ್ತದೆ, ಯಾರಿಗೆ ಗೊತ್ತಾಗಬಾರದೋ ಅವರೊಬ್ಬರಿಗೆ ಗೊತ್ತಿರುವುದಿಲ್ಲ.

ಎಲ್ಲ ಸರಾಗ ನಡೆಯುತ್ತಿತ್ತು, ಶುಕ್ರವಾರದ ಡಬ್ಬಿಗಳು ಬರುವ ತನಕ.

ನಮ್ಮಲ್ಲಿ ಬಸ್ಸು ಬರೀ ಜನರನ್ನು ಒಯ್ಯುವುದಲ್ಲ. ಮಲ್ಲಿಗೆಯ ಕಟ್ಟು, ಮದ್ದು, ಮರೆತ ಕನ್ನಡಕ, ಮದುವೆಯ ಕಾಗದ, ಎಲ್ಲವೂ ಡ್ರೈವರಿನ ಪಕ್ಕದ ಬಾನೆಟ್ಟಿನ ಮೇಲೆ ಕೂತು ಊರು ಸುತ್ತುತ್ತವೆ. ವಿಳಾಸ ಬರೆಯುವ ಪದ್ಧತಿ ಇಲ್ಲ. “ಇಂಥಲ್ಲಿ ಕೊಡಿ, ನಮ್ಮವರು ನಿಲ್ತಾರೆ” ಎಂದರೆ ಮುಗಿಯಿತು. ಇನ್ನೊಂದು ಸಂಗತಿ: ಮನೆಗೊಬ್ಬರು ಗಲ್ಫಿನಲ್ಲಿರುವ ಊರು ನಮ್ಮದು. ಅವರು ರಜೆಯಲ್ಲಿ ಬರುವಾಗ ಹಾಲಿನ ಪುಡಿಯ ದೊಡ್ಡ ಡಬ್ಬಿ ತರುತ್ತಾರೆ. ಪುಡಿ ಮುಗಿದ ಮೇಲೆ ಡಬ್ಬಿಗೆ ನಿಜವಾದ ಬಾಳು ಶುರು. ಅಕ್ಕಿ, ಹಪ್ಪಳ, ಹೊಲಿಗೆಯ ನೂಲು, ಮನೆಯ ಕಾಗದಪತ್ರ, ಎಲ್ಲ ಅದರಲ್ಲೇ. ಬಂಟ್ವಾಳ ಬೆಳ್ತಂಗಡಿಯ ಅಟ್ಟಗಳಲ್ಲಿ ಹುಡುಕಿದರೆ ಒಂದೇ ಹಳದಿ ಬಣ್ಣದ, ಒಂದೇ ಮುಚ್ಚಳದ ಅಸಂಖ್ಯಾತ ಡಬ್ಬಿಗಳು ಸಿಕ್ಕಾವು.

ಆ ದಿನ ಮೂಡುಬಿದಿರೆಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ನರ್ಸು ಒಂದು ಡಬ್ಬಿ ತಂದುಕೊಟ್ಟಳು. ಒಳಗೆ ಹತ್ತಿಯಲ್ಲಿ ಸುತ್ತಿದ ಹಲ್ಲಿನ ಸೆಟ್ಟು. ನಿವೃತ್ತ ಅಣ್ಣು ಮಾಸ್ಟ್ರದ್ದು. ಮೊಮ್ಮಗಳ ಮದುವೆಯ ಗಡಿಬಿಡಿಯಲ್ಲಿ ಬಚ್ಚಲಲ್ಲಿ ಬಿದ್ದು ಮುರಿದಿತ್ತಂತೆ, ರಿಪೇರಿಯಾಗಿ ಈಗ ಪುಂಜಾಲಕಟ್ಟೆಯ ಮದುವೆ ಸಭಾಭವನಕ್ಕೆ ಮುಟ್ಟಬೇಕು. ಅಲ್ಲಿ ಮಾಸ್ಟ್ರ ಮಗ ನಿಲ್ಲುತ್ತಾನೆ. ಬಂಟ್ವಾಳದಲ್ಲಿ ಒಬ್ಬರು ತಾಯಿ ಇನ್ನೊಂದು ಡಬ್ಬಿ ಹತ್ತಿಸಿದರು. ಮಗಳು ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಊಟ ಸೇರದೆ ಬಡವಾಗಿದ್ದಾಳೆ, ಅವಳಿಗೆ ಒಣಸಿಗಡಿ ಚಟ್ನಿ. ಅದೇ ಹಳದಿ, ಅದೇ ಮುಚ್ಚಳ. ಹನ್ನೊಂದು ವರ್ಷ ತಪ್ಪು ಹುಡುಕಿ ಸಂಬಳ ತಿಂದವಳು ಬಾನೆಟ್ಟಿನ ಮೇಲಿಂದ ಕೈಗೆ ಸಿಕ್ಕಿದ್ದನ್ನು ತೆಗೆದು ಪುಂಜಾಲಕಟ್ಟೆಯಲ್ಲಿ ಕೊಟ್ಟೆ, ಉಳಿದದ್ದನ್ನು ಮೂಡುಬಿದಿರೆಯಲ್ಲಿ ಕೊಟ್ಟೆ. ಎರಡೂ ಕಡೆ “ಜಾಗ್ರತೆ” ಎಂದು ಬೇರೆ ಹೇಳಿದೆ.

ಮೊದಲು ಫೋನ್ ಬಂದದ್ದು ಚಟ್ನಿಯ ತಾಯಿಯಿಂದ ಹಮೀದಾಕನಿಗೆ. ಹಾಸ್ಟೆಲಿನ ಊಟದ ಮೇಜಿನ ಮೇಲೆ ಗೆಳತಿಯರನ್ನೆಲ್ಲ ಸೇರಿಸಿ ಮಗಳು ಡಬ್ಬಿ ತೆರೆದಿದ್ದಾಳೆ. ಹತ್ತಿಯೊಳಗಿಂದ ಯಾರೋ ನಕ್ಕರು! ಹುಡುಗಿ ಬೊಬ್ಬೆ ಹೊಡೆದು ಅಮ್ಮನಿಗೆ ಫೋನ್ ಮಾಡಿ, “ಅಮ್ಮಾ, ಇದು ಯಾರ ಹಲ್ಲು ಕಳಿಸಿದ್ದು?” ಎಂದು ಕೇಳಿದಳಂತೆ.

ಹಾಗಾದರೆ ಮದುವೆಮನೆಗೆ ಹೋದದ್ದು ಸಿಗಡಿ. ಅದೂ ದೇವಸ್ಥಾನದ ಸಭಾಭವನ, ಶುದ್ಧ ಸಸ್ಯಾಹಾರ. ಕಂಪೆನಿಯಲ್ಲಾದರೆ ಇಂಥ ತಪ್ಪಿಗೆ ಮೂರು ವಾರ ಮೀಟಿಂಗು. ತಪ್ಪಿನ ಬೇರು ಯಾವುದು, ಬೇರಿನ ಬೇರು ಯಾವುದು ಎಂದು ಅಗೆದು ಅಗೆದು ಕೊನೆಗೆ ಗುಂಡಿಯಲ್ಲಿ ನಾನೊಬ್ಬಳೇ ಉಳಿಯುತ್ತಿದ್ದೆ. ಮಾಸ್ಟ್ರ ಮಗನಿಗೆ ಫೋನ್ ಮಾಡಿದೆ. ಅವನು ನಗು ತಡೆಯಲಾಗದೆ ತಂದೆಯ ಕೈಗೆ ಕೊಟ್ಟ.

“ಯಾರು, ಕಂಡಕ್ಟರಾ?” ಮಾಸ್ಟ್ರ ಸ್ವರ ಹಲ್ಲಿಲ್ಲದೆ ಮೆತ್ತಗೆ ಬಂತು. “ಆ ಚಟ್ನಿ ಯಾರು ಮಾಡಿದ್ದು?”

“ಸರ್, ತಪ್ಪಾಯ್ತು ಸರ್, ನಾನು ಈಗಲೇ ಹಲ್ಲು...”

“ಹಲ್ಲು ನಿಧಾನಕ್ಕೆ ಬರ್ಲಿ. ನನಗೆ ಈ ಹೋಳಿಗೆ, ಕಡ್ಲೆ, ಎಂತದೂ ಅಗೀಲಿಕ್ಕೆ ಆಗುದಿಲ್ಲ. ಅನ್ನಕ್ಕೆ ಇದನ್ನು ಕಲಸಿದ್ದು, ಹಾಗೇ ಇಳೀತು. ಎಲೆಯ ಅಡಿಯಲ್ಲಿ ಇಟ್ಟಿದ್ದೇನೆ, ಯಾರಿಗೂ ಹೇಳ್ಬೇಡ. ಆಚೆಯ ಭಾವನೂ ಸ್ವಲ್ಪ ಕೇಳ್ತಾ ಇದ್ದಾರೆ.”

ಸಂಜೆ ಬಂಟ್ವಾಳದ ಹತ್ತಿರ ಹಮೀದಾಕ, ಹಿಂದಿನಿಂದ ಬಂದ ಎದುರಾಳಿಯ ಬಸ್ಸನ್ನು ನಡುರಸ್ತೆಯಲ್ಲಿ ನಿಲ್ಲಿಸಿದರು; ಹಾಸ್ಟೆಲಿನ ಹುಡುಗಿ ಡಬ್ಬಿಯನ್ನು ಮೂಡುಬಿದಿರೆಯಲ್ಲಿ ಅದಕ್ಕೆ ಹತ್ತಿಸಿದ್ದಳು. ದಿನವಿಡೀ ಒಬ್ಬರ ಸೈಡು ಒಬ್ಬರು ತೆಗೆಯುವ ಎರಡು ಬಸ್ಸುಗಳು ಕಿಟಕಿಗೆ ಕಿಟಕಿ ಕೊಟ್ಟು ನಿಂತವು. ಆ ಕಿಟಕಿಯಿಂದ ಈ ಕಿಟಕಿಗೆ ಅಣ್ಣು ಮಾಸ್ಟ್ರ ಹಲ್ಲು ದಾಟಿತು. ಹಿಂದೆ ಸಾಲುಗಟ್ಟಿದ ವಾಹನಗಳು ಹಾರ್ನ್ ಹೊಡೆದವು, ಎರಡೂ ಬಸ್ಸಿನವರು ಹೊಟ್ಟೆ ಹಿಡಿದು ನಕ್ಕರು. ನಾನೂ ಬಾಗಿಲಿನ ಸರಳಿಗೆ ಜೋತು ಬಿದ್ದು ಕಣ್ಣೀರು ಬರುವಷ್ಟು ನಕ್ಕೆ. ನನ್ನ ತಪ್ಪಿಗೆ ಯಾರಾದರೂ ಹೀಗೆ ನಕ್ಕು ಮುಗಿಸಿದ್ದು ಇಷ್ಟು ವರ್ಷದಲ್ಲಿ ಇಲ್ಲವೇ ಇಲ್ಲ. ನಾನು ಇಲ್ಲಿಯೇ ಇರಬೇಕು ಎಂದು ಅಲ್ಲೇ, ಆ ಹಾರ್ನುಗಳ ನಡುವೆಯೇ ನಿರ್ಧಾರವಾಯಿತು.

ಆದರೆ ಹಲ್ಲಿನ ಕಥೆ ನಮ್ಮ ಬಸ್ಸಿಗಿಂತ ವೇಗವಾಗಿ ಸಿದ್ಧಕಟ್ಟೆಗೆ ಮುಟ್ಟಿತ್ತು. ಮನೆಗೆ ಬಂದು ಮುಖ ತೊಳೆಯುತ್ತಿದ್ದಾಗ ಅಮ್ಮನ ಫೋನು.

“ಶಶೀ, ಹಮೀದ ಯಾರೋ ಒಬ್ಬನನ್ನು ಹಾಕಿದ್ದಾನೆ. ಮಂಡೆ ಸಮ ಇಲ್ಲದವ. ಅಣ್ಣು ಮಾಸ್ಟ್ರ ಹಲ್ಲನ್ನು ಯಾವುದೋ ಹುಡುಗಿಗೆ ಕೊಟ್ಟಿದ್ದಾನೆ!”

“ಹೌದಾ ಅಮ್ಮ?” ಎಂದೆ, ಸಾಬೂನಿನ ಮುಖದಲ್ಲಿ.

“ನಿನ್ನ ಅಪ್ಪನ ಹೆಸರು ತೆಗೆದ. ನಾಳೆ ನಾನೇ ರೋಡಿಗೆ ಹೋಗಿ ಅವನನ್ನು ಇಳಿಸ್ತೇನೆ. ಕನ್ಯಾನದವರಿಗೂ ನಾಳೆಯೇ ಬರ್ಲಿಕ್ಕೆ ಹೇಳಿ ಆಯ್ತು. ನೀನೊಬ್ಬಳು ಒಳ್ಳೆ ಕೆಲಸದಲ್ಲಿ ಇದ್ದಿಯಲ್ಲ, ಅಷ್ಟು ಸಾಕು ನನಗೆ.”

ಆ ಕೊನೆಯ ಮಾತು ನನ್ನನ್ನು ಕೂರಿಸಿಬಿಟ್ಟಿತು. ರಾಜೀನಾಮೆಯ ಮೇಲ್ ಬರೆದಿಟ್ಟಾಗಿತ್ತು, ಕಳಿಸುವುದೊಂದೇ ಬಾಕಿ. ಬೆರಳು ಏಳಲಿಲ್ಲ. ಅಮ್ಮ ಇಷ್ಟು ವರ್ಷ ಆ ಕುರ್ಚಿಯಲ್ಲಿ ಕೂತು ಯಾರು ಯಾರ ಬಾಯಿಗೋ ಬಿದ್ದು ಬಸ್ಸು ಓಡಿಸಿದ್ದು ನಾನು ಆ ಬಸ್ಸಿನಲ್ಲಿ ಇರಬಾರದು ಎಂದೇ. ಕಂಪೆನಿಯನ್ನು ಬಿಡುವುದು ಸುಲಭ, ಅಮ್ಮನ ಆ ಸಮಾಧಾನವನ್ನು ಕಿತ್ತುಕೊಳ್ಳುವುದು ಹೇಗೆ? ರವಿ ಪಕ್ಕದಲ್ಲಿ ಬಂದು ಕೂತರು, “ನಾಳೆ ಹೋಗು. ಬೈಸಿಕೊಳ್ಳುದಾದ್ರೆ ಬಸ್ಸಿನಲ್ಲೇ ಬೈಸಿಕೊ” ಎಂದರು.

ಶನಿವಾರ ಬೆಳಿಗ್ಗೆ ಸಿದ್ಧಕಟ್ಟೆಯ ತಿರುವು ಬಂತು. “ಶಶಿಯಕ್ಕ, ಮನೆ!” ಎಂದು ಹಿಂದಿನವರು ಕೂಗಿದರು. ಗಂಡಸರು ಎಡಕ್ಕೆ ಒತ್ತಿದರು, ವಸಂತಿಯಕ್ಕ ಸೆರಗು ಬಿಡಿಸಿದರು. ನಾನು ಕೂರಲಿಲ್ಲ. ಬಾಗಿಲಲ್ಲೇ ನಿಂತೆ.

ಅಮ್ಮ ರಸ್ತೆಯ ಬದಿಯಲ್ಲಿದ್ದಳು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಕೊಡೆ, ಮುಖದಲ್ಲಿ ಯುದ್ಧ. ಬಸ್ಸು ನಿಲ್ಲುವ ಮೊದಲೇ ಫುಟ್‌ಬೋರ್ಡಿನ ಮೇಲೆ ಕಾಲಿಟ್ಟಳು, ತಲೆ ಎತ್ತಿದಳು, ನನ್ನನ್ನು ನೋಡಿದಳು.

“ನೀನಾ?”

“ಹೂಂ.”

“ರಜೆ ಹಾಕಿ ಇಲ್ಲಿ ನಿಂತದ್ದಾ?”

“ಆ ಕೆಲಸ ಬಿಡ್ತೇನೆ ಅಮ್ಮ. ನನಗೆ ಅದು ಆಗುದಿಲ್ಲ. ಇದು ಆಗ್ತದೆ.”

“ಇಷ್ಟು ಕಲಿಸಿದ್ದು ಇಲ್ಲಿ ನೇತಾಡ್ಲಿಕ್ಕಾ? ಇಳಿ ನೀನು.”

ಅಷ್ಟರಲ್ಲಿ ಎದುರಾಳಿಯ ಬಸ್ಸು ಹಿಂದೆ ಬಂದು ಹಾರ್ನ್ ಹೊಡೆಯತೊಡಗಿತು. ಅಮ್ಮನ ಬೆನ್ನಿಗೆ, ಕೈಯಲ್ಲಿ ಹಲಸಿನ ಹಣ್ಣು ಹಿಡಿದ ಒಬ್ಬರು ಮುದುಕಿ ಹತ್ತಲಾಗದೆ ಒದ್ದಾಡುತ್ತಿದ್ದರು. ಆ ವಾರವಿಡೀ ಪಳಗಿದ ಗಂಟಲು ನನ್ನನ್ನು ಕೇಳದೆಯೇ ತೆರೆಯಿತು.

“ಬಾಗಿಲಲ್ಲಿ ನಿಲ್ಬೇಡಿ! ಒಂದೋ ಒಳಗೆ ಹೋಗಿ, ಇಲ್ಲದಿದ್ರೆ ಇಳೀರಿ! ಹಿಂದೆ ಜನ ಹತ್ಲಿಕ್ಕುಂಟು!”

ಲೀಲಕ್ಕನಿಗೆ ಈ ಊರಿನಲ್ಲಿ ಯಾರೂ ಹಾಗೆ ಹೇಳಿದ್ದಿಲ್ಲ. ಹಮೀದಾಕ ಕಣ್ಣು ಮುಚ್ಚಿಕೊಂಡರು. ಅಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಒಳಗೆ ಹೋದಳು. ನಾನು ಮುದುಕಿಯ ಕೈ ಹಿಡಿದು ಹತ್ತಿಸಿದೆ, ಬಸ್ಸು ಹೊರಟಿತು.

ವಸಂತಿಯಕ್ಕ ಸೀಟು ಬಿಟ್ಟುಕೊಟ್ಟರು. ಅಮ್ಮ ಕೂರಲಿಲ್ಲ. ಮೇಲಿನ ಸರಳು ಹಿಡಿದು ತನ್ನ ಬಸ್ಸನ್ನು ಮೇಲೆ ಕೆಳಗೆ ನೋಡಿದಳು. ಹರಿದ ಸೀಟಿಗೆ ಬೆರಳು ಹಾಕಿ ನೋಡಿದಳು. ನಾನು ಬಾಗಿಲಲ್ಲಿ ನಿಂತು ಬಂಟ್ವಾಳ ಬಂಟ್ವಾಳ ಎಂದು ಕೂಗುತ್ತಿದ್ದೆ, ಅವಳ ಕಡೆ ತಿರುಗುವ ಧೈರ್ಯ ಇರಲಿಲ್ಲ. ಕಿವಿ ಮಾತ್ರ ಅಲ್ಲಿಯೇ ಇತ್ತು.

“ಇವಳು ಕಂಪೆನಿಯಲ್ಲಿಯೂ ಹೀಗೇ ಬೊಬ್ಬೆ ಹೊಡೀತಾಳಾ?” ಎಂದು ವಸಂತಿಯಕ್ಕನನ್ನು ಕೇಳುವುದು ಕೇಳಿಸಿತು.

“ಅಲ್ಲಿ ಬಾಯಿ ಬಂದ್ ಮಾಡುವ ಬಟನ್ ಉಂಟಂತೆ ಲೀಲಕ್ಕ. ಮಾತಾಡ್ಲಿಕ್ಕೇ ಇಲ್ಲವಂತೆ.”

“ಇಷ್ಟು ವರ್ಷವಾ?”

“ಇಷ್ಟೂ ವರ್ಷ.”

ರಾಯಿಯ ಸ್ಟಾಪಿನಲ್ಲಿ ಒಂದು ದಿಬ್ಬಣದಷ್ಟು ಜನ ಹತ್ತಿದರು, ಒಳಗೆ ಕಾಲಿಡಲು ಜಾಗವಿಲ್ಲ, ನಾನು ಕೂಗಿ ಕೂಗಿ ಸೋತೆ. ಆಗ ನಡುವಿನಿಂದ ನನ್ನದಕ್ಕಿಂತ ಒಂದು ಪಟ್ಟು ಹೆಚ್ಚಿನ ಸ್ವರ ಎದ್ದಿತು. “ಹಿಂದೆ ಹೋಗಿ ಹಿಂದೆ ಹೋಗಿ! ಅಲ್ಲಿ ಕ್ರಿಕೆಟ್ ಆಡುವಷ್ಟು ಜಾಗ ಉಂಟು! ಏ ಇವರೇ, ಕಂಬ ಬಿಡಿ, ಅದು ನಿಮ್ಮ ಮನೆಯದ್ದಲ್ಲ!” ಕೊಡೆಯ ತುದಿಯಿಂದ ಅಮ್ಮ ಗಂಡಸರನ್ನು ಒಬ್ಬೊಬ್ಬರಾಗಿ ಹಿಂದಕ್ಕೆ ತಳ್ಳುತ್ತಿದ್ದಳು. ಮುಖ ಕೆಂಪೇರಿತ್ತು, ಸೀರೆಯ ಇಸ್ತ್ರಿ ಹೋಗಿತ್ತು.

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಫೋನು.

“ಹಲೋ, ಯಾರು? ಕನ್ಯಾನದವರಾ? ಎಲ್ಲಿಗೆ ಮುಟ್ಟಿದ್ರಿ? ಕಲ್ಲಡ್ಕಕ್ಕಾ?” ಎಂದು ಬಸ್ಸಿನ ಸದ್ದನ್ನು ಮೀರಿ ಕೂಗಿದಳು. “ಅಲ್ಲಿಂದಲೇ ಹಿಂದೆ ಹೋಗಿ. ಬಸ್ಸು ಕೊಡ್ಲಿಕ್ಕಿಲ್ಲ. ಕಂಡಕ್ಟರ್ ಸಿಕ್ಕಿದ್ದಾಳೆ.”